ದೊಡ್ಡ ಹಬ್ಬ ಕ್ರಿಸ್‌ಮಸ್ಸೋ ಈಸ್ಟರೋ?

ನಿಮ್ಮ ಪ್ರಶ್ನೆ ಇದು: ಕ್ಯಾಥೋಲಿಕರಿಗೆ ಕ್ರಿಸ್‌ಮಸ್ಸೇ ದೊಡ್ಡ ಹಬ್ಬ ತಾನೇ, ಅದರ ತಾರೀಖು ಬದಲಾಗಲ್ಲ, ಈಸ್ಟರ್ ಮಾತ್ರ ಯಾಕೆ ಓಡಾಡುತ್ತದೆ, ಮಿಕ್ಕ ಹಬ್ಬಗಳಿಗೆ ಅರ್ಥವೇನು?

ದೊಡ್ಡದು ಈಸ್ಟರ್, ಯೇಸು ಸಾವಿನಿಂದ ಎದ್ದು ಬಂದ ಹಬ್ಬ. ನಾನು ಕ್ಯಾಥೋಲಿಕ್ ಮನೆಯಲ್ಲೇ ಬೆಳೆದವನು. ಚಿಕ್ಕವನಿದ್ದಾಗ ನನಗೂ ಡಿಸೆಂಬರೇ ದೊಡ್ಡದಾಗಿತ್ತು. ಉಡುಗೊರೆ ಸಿಗುತ್ತಿತ್ತಲ್ವಾ! ಆದರೆ ಕ್ರಿಸ್ತ ಸಾವಿನಿಂದ ಎದ್ದು ಬರದಿದ್ದರೆ ನಿಮ್ಮ ನಂಬಿಕೆಯೇ ಟೊಳ್ಳು ಎಂದು ಸಂತ ಪೌಲನೇ ಕೊರಿಂಥ ಊರಿನ ಕ್ರೈಸ್ತರಿಗೆ ಬರೆದಿದ್ದಾನೆ. ಯೇಸು ಎದ್ದು ಬಂದದ್ದರಿಂದಲೇ ಅವನ ಹುಟ್ಟಿಗೂ ಇಷ್ಟು ಬೆಲೆ.

ತಾರೀಖು ಓಡಾಡಲು ಕಾರಣ ಚಂದ್ರ. ಯೇಸುವನ್ನು ಶಿಲುಬೆಗೆ ಏರಿಸಿದ್ದು ಯೆಹೂದ್ಯರ ಪಾಸ್ಕ ಹಬ್ಬದ ಹೊತ್ತಿನಲ್ಲಿ. ಆ ಹಬ್ಬ ನಡೆಯುವುದು ಚಂದ್ರನ ಲೆಕ್ಕದಲ್ಲಿ. ಎಲ್ಲರೂ ಒಂದೇ ಭಾನುವಾರ ಆಚರಿಸಬೇಕು ಎಂದು 325ರಲ್ಲಿ ನೈಸಿಯಾದಲ್ಲಿ ಸೇರಿದ ಬಿಷಪರ ಸಭೆ ತೀರ್ಮಾನಿಸಿತು. ಮಾರ್ಚ್ 21ಕ್ಕೆ ಅಥವಾ ಅದರ ನಂತರ ಬರುವ ಮೊದಲ ಹುಣ್ಣಿಮೆ ಕಳೆದು ಬರುವ ಭಾನುವಾರವೇ ಈಸ್ಟರ್. ಹಾಗಾಗಿ ಅದು ಮಾರ್ಚ್ 22ರಿಂದ ಏಪ್ರಿಲ್ 25ರ ನಡುವೆ ಎಲ್ಲಿ ಬೇಕಾದರೂ ಬೀಳಬಹುದು. (ಇದು ಕೋಷ್ಟಕ ಹಾಕಿ ತೆಗೆದ ಹುಣ್ಣಿಮೆ. ಆಕಾಶ ನೋಡಿ ಜಗಳಕ್ಕೆ ಬರಬೇಡಿ!)

ಈಸ್ಟರ್ ಸರಿದರೆ ಹಿಂದುಮುಂದಿನವೂ ಸರಿಯುತ್ತವೆ. 46 ದಿನ ಮೊದಲು ಬೂದಿ ಬುಧವಾರ, ಈಸ್ಟರಿಗೆ ಮುಂಚಿನ ತಪಸ್ಸಿನ ಕಾಲ ಶುರುವಾಗುವ ದಿನ. ಭಾನುವಾರಗಳನ್ನು ಬಿಟ್ಟು ಎಣಿಸಿದರೆ ತಪಸ್ಸಿನ 40 ದಿನ ಸರಿಹೋಗುತ್ತದೆ. ಈಸ್ಟರಿನಿಂದ 40ನೇ ದಿನ ಯೇಸುವಿನ ಸ್ವರ್ಗಾರೋಹಣ, 50ನೇ ದಿನ ಶಿಷ್ಯರ ಮೇಲೆ ಪವಿತ್ರಾತ್ಮ ಇಳಿದು ಬಂದ ಪೆಂಟೆಕೋಸ್ಟ್.

ನನಗೆ ಎಲ್ಲಕ್ಕಿಂತ ಇಷ್ಟ ಈಸ್ಟರಿಗೆ ಮುಂಚಿನ ಆ ಮೂರು ದಿನ. ಗುರುವಾರ ಸಂಜೆ ಚರ್ಚಿನ ಗುರುಗಳು ಬಗ್ಗಿ ಜನರ ಪಾದ ತೊಳೆಯುತ್ತಾರೆ. ಶುಕ್ರವಾರ ಬಲಿಪೂಜೆಯೇ (ಮಾಸ್) ಇಲ್ಲ, ಪೀಠದ ಮೇಲೆ ಬಟ್ಟೆಯೂ ಇರಲ್ಲ. ಶನಿವಾರ ರಾತ್ರಿ ಕತ್ತಲಲ್ಲಿ ಹೊಸ ಬೆಂಕಿ ಹೊತ್ತಿಸಿ, ಆ ವರ್ಷದ ಅಂಕಿ ಕೆತ್ತಿದ ದೊಡ್ಡ ಮೇಣದಬತ್ತಿಗೆ ಹಚ್ಚುತ್ತಾರೆ. ಅದರಿಂದ ಒಬ್ಬೊಬ್ಬರ ಕೈಯ ಬತ್ತಿಯೂ ಉರಿಯುತ್ತಾ ಹೋಗುತ್ತದೆ. ಪುನರುತ್ಥಾನ ಅಂದರೆ ಏನೆಂದು ನನಗೆ ಅರ್ಥವಾಗಿದ್ದು ಯಾವ ಪ್ರವಚನದಿಂದಲೂ ಅಲ್ಲ, ಆ ಕತ್ತಲಲ್ಲಿ ನಿಂತು.

ತಾರೀಖು ಬದಲಾಗದ ಹಬ್ಬಗಳಲ್ಲೂ ಒಂದು ಮಜಾ ಲೆಕ್ಕವಿದೆ. ಗರ್ಭ ಧರಿಸುವೆ ಎಂದು ದೇವದೂತ ಯೇಸುವಿನ ತಾಯಿ ಮರಿಯಮ್ಮನವರಿಗೆ ಹೇಳಿದ ಹಬ್ಬ ಮಾರ್ಚ್ 25. ಸರಿಯಾಗಿ ಒಂಬತ್ತು ತಿಂಗಳಿಗೆ ಕ್ರಿಸ್‌ಮಸ್. ಡಿಸೆಂಬರ್ 8 ಅಮಲೋದ್ಭವ ಮಾತೆಯ ಹಬ್ಬ, ಒಂಬತ್ತು ತಿಂಗಳಿಗೆ ಸೆಪ್ಟೆಂಬರ್ 8ರಂದು ಮರಿಯಮ್ಮನವರ ಜನ್ಮದಿನ. ಅಮಲೋದ್ಭವ ಅಂದರೆ ಯೇಸು ಗರ್ಭದಲ್ಲಿ ಮೂಡಿದ್ದು ಅಂತ ಕ್ಯಾಥೋಲಿಕರೇ ಎಷ್ಟೋ ಜನ ತಿಳಿದಿದ್ದಾರೆ. ಅಲ್ಲ. ಮರಿಯಮ್ಮ ತಮ್ಮ ತಾಯಿಯ ಗರ್ಭದಲ್ಲಿ ಮೂಡಿದಾಗಲೇ ಪಾಪದ ಸೋಂಕಿಲ್ಲದೆ ಇದ್ದರು ಎಂಬ ನಂಬಿಕೆ ಅದು. ಪೋಪ್ ಒಂಬತ್ತನೇ ಪಯಸ್ 1854ರಲ್ಲಿ ಅಧಿಕೃತವಾಗಿ ಸಾರಿದರು. ಆಗಸ್ಟ್ 15, ಮರಿಯಮ್ಮನವರನ್ನು ದೇಹಸಹಿತ ಸ್ವರ್ಗಕ್ಕೆ ಕರೆದುಕೊಂಡ ದಿನ. ನವೆಂಬರ್ 1 ಸಕಲ ಸಂತರದು, ಮರುದಿನ ತೀರಿಹೋದ ನಮ್ಮವರಿಗಾಗಿ ಪ್ರಾರ್ಥನೆ.

ದೊಡ್ಡದು ಯಾವುದು ಎಂಬುದಕ್ಕೆ ಸಾಕ್ಷಿ ಬೇಕಾದರೆ 2024ರ ಕ್ಯಾಲೆಂಡರ್ ತೆಗೆದು ನೋಡಿ. ಆ ವರ್ಷ ಈಸ್ಟರ್ ಮಾರ್ಚ್ 31ಕ್ಕೆ ಬಂತು. ಮಾರ್ಚ್ 25 ಅದರ ಹಿಂದಿನ ಪವಿತ್ರ ವಾರದೊಳಗೆ ಸಿಕ್ಕಿಕೊಂಡಿತು. ಆ ವಾರದಲ್ಲೂ ಜಾಗವಿಲ್ಲ, ಈಸ್ಟರೂ ಸೇರಿ ಎಂಟು ದಿನದಲ್ಲೂ ಜಾಗವಿಲ್ಲ. ದೇವದೂತನ ಹಬ್ಬ ಸುಮ್ನೆ ಏಪ್ರಿಲ್ 8ರವರೆಗೆ ಕಾಯಬೇಕಾಯಿತು.