ಒಂದು ತೂತು ಅಳೆದು ಇಡೀ ಸರೋವರವನ್ನು ನಂಬಬೇಡಿ

ಹೆಪ್ಪುಗಟ್ಟಿದ ಸರೋವರದ ಮೇಲೆ ತೂತು ಕೊರೆದು ಗಾಳ ಬಿಟ್ಟರೂ ಮೀನು ಏಕೆ ಕಚ್ಚುತ್ತಿಲ್ಲ ಎಂದು ಕೇಳಿದ್ದೀರಿ. ಅದಕ್ಕೆ ಆಮೇಲೆ ಬರುತ್ತೇನೆ. ನಿಮ್ಮ ಫೋಟೊದಲ್ಲಿ ಬೈರಿಗೆ, ಡೇರೆ, ಸ್ಟೌ ಎಲ್ಲವೂ ಇವೆ, ಮಂಜುಗಡ್ಡೆಯನ್ನು ಕುಟ್ಟಿ ನೋಡುವ ಹಾರೆ ಎಲ್ಲಿ? ‘ಮೊದಲ ತೂತಿನಲ್ಲೇ 8 ಅಂಗುಲ ದಪ್ಪ ಸಿಕ್ಕಿತು, ನಾಳೆ ತೊರೆ ಸೇರುವ ಕಡೆ ಹೋಗುತ್ತೇನೆ’ ಎಂದು ಬೇರೆ ಬರೆದಿದ್ದೀರಿ. ಇದೇ ಲೆಕ್ಕ ಹಾಕಿ ಹೊರಟ ನಾನು 40 ಹೆಜ್ಜೆ ನಡೆಯುವಷ್ಟರಲ್ಲಿ ಸೊಂಟದವರೆಗೆ ನೀರಿನಲ್ಲಿದ್ದೆ. ಹರಿಯುವ ನೀರು ಮಂಜುಗಡ್ಡೆಯನ್ನು ಅಡಿಯಿಂದ ಸವೆಸಿತ್ತು. ಮೇಲೆ ಹಿಮ ಬಿದ್ದು ಎಲ್ಲವೂ ಒಂದೇ ಬಿಳುಪಾಗಿ ಕಾಣುತ್ತಿತ್ತು.

ಈಗ ಎರಡು ಹೆಜ್ಜೆಗೊಮ್ಮೆ ಮುಂದಿನ ಜಾಗವನ್ನು ಹಾರೆಯಿಂದ ಬಲವಾಗಿ ಕುಟ್ಟಿಯೇ ಕಾಲಿಡುತ್ತೇನೆ. ಒಂದೇ ಏಟಿಗೆ ನೀರು ಉಕ್ಕಿದರೆ ಬಂದ ಹೆಜ್ಜೆಯಲ್ಲೇ ವಾಪಸು. ಹಾರೆಗೊಂದು ಹಗ್ಗದ ಕುಣಿಕೆ ಇರಲಿ. ನನ್ನ ಮೊದಲ ಹಾರೆ ಸರೋವರದ ತಳದಲ್ಲಿದೆ.

ನಡೆಯಲು 4 ಅಂಗುಲ ಸಾಕು ಎಂಬುದು ತಿಳಿಯಾದ ಹೊಸ ಗಡ್ಡೆಯ ಮಾತು. ಬಿಳಿ ಗಡ್ಡೆಗೆ ಅದರ ಅರ್ಧ ಬಲವಷ್ಟೇ, ಇಮ್ಮಡಿ ದಪ್ಪ ಬೇಕು. ಚಳಿಗಾಲದ ಕೊನೆಗೆ ಕರಗುತ್ತಾ ಸಡಿಲವಾದ ‘ಕೊಳೆತ’ ಗಡ್ಡೆಗೆ ಯಾವ ಅಳತೆಯೂ ಹೊಂದುವುದಿಲ್ಲ. ನೀರಿಗೆ ಬಿದ್ದರೆ ಗಡ್ಡೆಗೆ ಚುಚ್ಚಿ ಮೇಲೆ ಬರಲು ಮೊಳೆ ಬಡಿದ ಹಿಡಿಕೆಗಳ ಜೋಡಿ ಕೊರಳಲ್ಲಿರಬೇಕು, ಚೀಲದಲ್ಲಲ್ಲ! ನೀರಿನಿಂದ ಮೇಲೆ ಬಂದ ಕೂಡಲೇ ಎದ್ದು ನಿಲ್ಲಬೇಡಿ. ಉರುಳಿಕೊಂಡು ದೂರ ಸರಿಯಿರಿ. ಮುಚ್ಚಿದ ಡೇರೆಯಲ್ಲಿ ಸ್ಟೌ ಉರಿಸುವುದೂ ಬೇಡ. ಅದರಿಂದ ಬರುವ ವಿಷಾನಿಲ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಕಿಂಡಿ ತೆರೆದಿಡಿ.

ಇನ್ನು ಮೀನು. ಗಡ್ಡೆಯ ಕೆಳಗೆ ತಳದ ನೀರೇ ಬೆಚ್ಚಗೆ, ಸುಮಾರು 4 ಡಿಗ್ರಿ. ನೀವು ನಡುನೀರಿನಲ್ಲಿ ಗಾಳ ಬಿಟ್ಟಿದ್ದೀರಿ. ತಳ ಮುಟ್ಟಿಸಿ, ಒಂದು ಗೇಣು ಎತ್ತಿ, ಮೆಲ್ಲಗೆ ಕುಣಿಸಿ, ನಿಲ್ಲಿಸಿ. ಇಲ್ಲಿನ ಪರ್ಚ್ ಮೀನು ಕಚ್ಚುವುದು ಹೆಚ್ಚಾಗಿ ನಿಲ್ಲಿಸಿದಾಗಲೇ. ಹೆಣೆದ ದಾರ ನೀರು ಹೀರಿ ಕಡ್ಡಿಯಂತಾಗುತ್ತದೆ, ನೀರು ಹೀರದ ಫ್ಲೂರೋಕಾರ್ಬನ್ ದಾರ ಹಾಕಿ. ಕೈ ಬೈರಿಗೆಯಲ್ಲಿ ಸ್ವೀಡನ್ನಿನ ಮೋರಾ ಬಿಟ್ಟು ನಾನು ಬೇರೆ ಮುಟ್ಟುವುದಿಲ್ಲ, ಇದು ನನ್ನ ಹಟ ಎಂದುಕೊಳ್ಳಿ. ಆದರೆ ಅಂಟಿದ ಮಂಜು ಉದುರಿಸಲು ಅಲಗನ್ನು ಗಡ್ಡೆಗೆ ಬಡಿದರೆ ಯಾವ ಕಂಪನಿಯದಾದರೂ ಮೊಂಡಾಗುತ್ತದೆ.

ಮತ್ತೊಂದು: 30 ಅಡಿಗಿಂತ ಆಳದಿಂದ ಎಳೆದ ಪರ್ಚ್ ಸಣ್ಣದೆಂದು ವಾಪಸು ಬಿಡುವವರಿದ್ದಾರೆ. ಆಳದಿಂದ ಮೇಲೆ ಬರುವಾಗ ಹೊಟ್ಟೆಯೊಳಗಿನ ಗಾಳಿಚೀಲ ಉಬ್ಬಿದ ಮೀನು ಸಾಮಾನ್ಯವಾಗಿ ಬದುಕುವುದಿಲ್ಲ. ಸಣ್ಣವೇ ಬರುತ್ತಿದ್ದರೆ ಜಾಗ ಬದಲಿಸಿ, ಹಾರೆ ಕುಟ್ಟಿಕೊಂಡೇ.