ನಿಮ್ಮ ಖುಷಿ ಆರನೇ ಪುಟದಲ್ಲಿದೆ

ಪ್ರಿಯ ಲೇಖಕರಿಗೆ,

ನಮಸ್ಕಾರ. ‘ಯಕುಜಾ: ಲೈಕ್ ಎ ಡ್ರ್ಯಾಗನ್’ ವಿಡಿಯೊ ಗೇಮ್ ಕುರಿತು ನೀವು ಕಳುಹಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಹಾಗೆಂದು ಒಂದು ಸಾಲಿನ ಉತ್ತರ ಬರೆದು ಕೈತೊಳೆದುಕೊಳ್ಳಲೂ ಮನಸ್ಸು ಒಪ್ಪುತ್ತಿಲ್ಲ. ಆ ಆಟವನ್ನು ನಾನೂ ಕೊನೆಯವರೆಗೆ ಆಡಿದ್ದೇನೆ, ಬಹಳ ಹಚ್ಚಿಕೊಂಡಿದ್ದೇನೆ. ಅದರ ಬಗ್ಗೆ ಒಂದು ಒಳ್ಳೆಯ ಲೇಖನ ಬರಲಿ ಎಂಬ ಆಸೆ ನನ್ನದು.

ಕಹಿ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಮೊದಲ ಐದು ಪುಟಗಳು ಜಾಹೀರಾತಿನ ಕರಪತ್ರದಂತಿವೆ. ಯಕುಜಾಗಳ, ಅಂದರೆ ಜಪಾನಿನ ಸಂಘಟಿತ ಅಪರಾಧದ ಗ್ಯಾಂಗಿನವರ ಕುರಿತ ಸೆಗಾ ಕಂಪನಿಯ ಈ ಸರಣಿ 2005ರಲ್ಲಿ ಜಪಾನಿನಲ್ಲಿ ಶುರುವಾಯಿತು, ಈ ಆಟ ಅದರ ಏಳನೆಯ ಮುಖ್ಯ ಭಾಗವಾಗಿ 2020ರಲ್ಲಿ ಬಂತು, ಹೊಸ ನಾಯಕ, ಹೊಸ ಊರು, ಕಾರ್ಟ್ ರೇಸು, ಕಂಪನಿ ನಡೆಸುವ ಒಳ ಆಟ. ಮಾಹಿತಿಯಲ್ಲಿ ಒಂದೂ ತಪ್ಪಿಲ್ಲ. ಆದರೆ ‘ಅದ್ಭುತ’ ಎಂಬ ಪದ ಹನ್ನೊಂದು ಸಲ ಬಂದಿದೆ. ಒಂದೊಂದು ಸಲವೂ ಓದುಗ ನಿಮ್ಮ ಮಾತನ್ನು ಸುಮ್ಮನೆ ನಂಬಬೇಕು. ಅವನ ಕಣ್ಣಿಗೆ ಏನೂ ಬೀಳುವುದಿಲ್ಲ.

ಆಮೇಲೆ ಆರನೇ ಪುಟದಲ್ಲಿ ಈ ಸಾಲು ಸಿಕ್ಕಿತು: ‘ನಂಬಾ ಒಂದು ಹಿಡಿ ಕಾಳು ಎರಚಿದ, ಎಲ್ಲಿಂದಲೋ ಪಾರಿವಾಳಗಳ ಹಿಂಡು ಬಂದು ರೌಡಿಯ ಮೇಲೆ ಎರಗಿತು, ನಾನು ಕಂಟ್ರೋಲರ್ ಕೆಳಗಿಟ್ಟು ನಕ್ಕುಬಿಟ್ಟೆ.’ ಲೇಖನ ಶುರುವಾಗಬೇಕಾದದ್ದು ಇಲ್ಲಿಂದ. ನಂಬಾ ಒಂದು ಕಾಲಕ್ಕೆ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವನು, ಕೆಲಸ ಕಳೆದುಕೊಂಡು ಬೀದಿಗೆ ಬಿದ್ದವನು. ಬೇರೆ ಆಟಗಳ ಮಂತ್ರವಾದಿ ಬೆಂಕಿ ಉಗುಳಬೇಕಾದರೆ ಮಂತ್ರ ಹೇಳುತ್ತಾನೆ. ನಂಬಾ ಬಾಯಿತುಂಬ ಮದ್ಯ ತುಂಬಿಕೊಂಡು ಲೈಟರ್ ಹಚ್ಚುತ್ತಾನೆ. ಬೀದಿಬದಿಯ ಬದುಕಿನಲ್ಲಿ ಕೈಗೆ ಸಿಕ್ಕಿದ್ದೇ ಅವನ ವಿದ್ಯೆ. ಸರಣಿ ಹೊಸದಾಗಿ ಹುಟ್ಟಿತು ಎಂದು ನೀವು ಮೂರು ಕಡೆ ಬರೆದಿದ್ದೀರಿ. ಆ ಹುಟ್ಟು ಕಾಣುವುದು ಈ ಪಾರಿವಾಳಗಳಲ್ಲಿ, ಈ ಬೆಂಕಿಯಲ್ಲಿ.

ಇನ್ನು ನನ್ನ ಮುಖ್ಯ ತಕರಾರು. ಎರಡನೇ ಪುಟದಲ್ಲಿ ಕಾಳಗದ ರೀತಿ ಬದಲಾದದ್ದನ್ನು ಹೇಳುತ್ತೀರಿ, ನಾಲ್ಕನೇ ಪುಟದಲ್ಲಿ ಕಥೆ ಹೇಳುತ್ತೀರಿ. ಎರಡಕ್ಕೂ ನಂಟಿಲ್ಲ. ಹಾಗಾಗಿ, ಮುಷ್ಟಿಯ ಜಗಳ ಬಿಟ್ಟು, ಎರಡೂ ಕಡೆಯವರು ಒಬ್ಬರಾದ ಮೇಲೆ ಒಬ್ಬರು ಹೊಡೆಯುವ ಸರದಿಯ ಕಾಳಗಕ್ಕೆ ಯಾಕೆ ಬಂದರು ಎಂದು ಓದುಗ ಕೇಳಿದರೆ ನಿಮ್ಮ ಲೇಖನದಲ್ಲಿ ಉತ್ತರವಿಲ್ಲ. ಆ ಉತ್ತರ ಹೊಸ ನಾಯಕ ಇಚಿಬಾನ್ ಕಸುಗನ ಒಳಗಿದೆ.

ಹಳೆಯ ನಾಯಕ ಕಝುಮಾ ಕಿರ್ಯುಗೆ ಅವನ ಎರಡು ಕೈಗಳೇ ಸಾಕಾಗಿದ್ದವು. ಇಚಿಬಾನ್ ಹಾಗಲ್ಲ. 1977ರ ಜನವರಿ 1ರಂದು ಹುಟ್ಟಿದವನು. 1986ರಲ್ಲಿ ವೀರನೊಬ್ಬ ರಾಕ್ಷಸರೊಡನೆ ಸರದಿಯ ಕಾಳಗ ನಡೆಸುವ ‘ಡ್ರ್ಯಾಗನ್ ಕ್ವೆಸ್ಟ್’ ಆಟ ಬಂದಾಗ ಒಂಬತ್ತು ವರ್ಷದ ಹುಡುಗ. ಅಂದಿನಿಂದ ಅವನಿಗೆ ತಾನೊಬ್ಬ ವೀರನಾಗಬೇಕೆಂಬ ಹುಚ್ಚು. ಇನ್ನೊಬ್ಬ ಮಾಡಿದ ಕೊಲೆಯನ್ನು ತಲೆಗೆ ಕಟ್ಟಿಕೊಂಡು 18 ವರ್ಷ ಜೈಲಿನಲ್ಲಿ ಕಳೆದು ಹೊರಬಂದರೆ ತನ್ನ ಗ್ಯಾಂಗಿನವರು ಒಬ್ಬರೂ ಕರೆದೊಯ್ಯಲು ಬಂದಿರುವುದಿಲ್ಲ. ತಂದೆಯೆಂದು ನಂಬಿದ್ದವನೇ ಅವನಿಗೆ ಗುಂಡು ಹೊಡೆಯುತ್ತಾನೆ. ಎಚ್ಚರವಾದಾಗ ಯೊಕೊಹಾಮಾದಲ್ಲಿ, ಮನೆಯಿಲ್ಲದವರ ಬಿಡಾರದಲ್ಲಿ ಮಲಗಿದ್ದಾನೆ. ನಲವತ್ತು ದಾಟಿದೆ, ಕೈಯಲ್ಲಿ ಕಾಸಿಲ್ಲ. ಅವನ ಬಳಿ ಉಳಿದಿರುವುದು ಆ ಹುಡುಗನ ಕಲ್ಪನೆಯೊಂದೇ. ನೆಲದಲ್ಲಿ ನೆಟ್ಟ ಬೇಸ್‌ಬಾಲ್ ಬ್ಯಾಟನ್ನು ಅವನು ಕಿತ್ತು ತೆಗೆಯುವುದು ವೀರನೊಬ್ಬ ಕಲ್ಲಿನಿಂದ ಖಡ್ಗ ಕೀಳುವ ಹಾಗೆ. ಬೀದಿಯ ಪುಂಡರು ಅವನ ಕಣ್ಣಿಗೆ ರಾಕ್ಷಸರಾಗುತ್ತಾರೆ. ಸರದಿ ಕಾಯ್ದು ಹೊಡೆಯುವ ಕಾಳಗ ಅವನ ತಲೆಯೊಳಗೆ ಬಾಲ್ಯದಿಂದ ನಡೆಯುತ್ತಿರುವ ಆಟ. ಜೊತೆಗಾರರಿಲ್ಲದೆ ಅವನು ಗೆಲ್ಲಲಾರ, ಅದಕ್ಕೇ ತಂಡ. ಕಾಳಗ ಮತ್ತು ಕಥೆ ಎಂಬ ಎರಡು ಭಾಗಗಳನ್ನು ಕೂಡಿಸಿಬಿಡಿ, ಲೇಖನಕ್ಕೆ ಬೆನ್ನೆಲುಬು ಬರುತ್ತದೆ.

ಆಟದ ಪಾತ್ರಗಳು ವೃತ್ತಿ ಬದಲಿಸುವ ಪ್ರಸಂಗವನ್ನು ಒಂದೇ ವಾಕ್ಯದಲ್ಲಿ ದಾಟಿಬಿಟ್ಟಿದ್ದೀರಿ, ಇದು ನನಗೆ ನಿಜವಾಗಿ ಬೇಸರ ತಂದಿತು. ‘ಡ್ರ್ಯಾಗನ್ ಕ್ವೆಸ್ಟ್’ನ ಮೂರನೇ ಭಾಗದಲ್ಲಿ ವೃತ್ತಿ ಬದಲಿಸಲು ಗುಡಿಯಂಥ ಜಾಗಕ್ಕೆ ಹೋಗಬೇಕು. ಇಲ್ಲಿ ಹೋಗಬೇಕಾದದ್ದು ‘ಹಲೋ ವರ್ಕ್’ಗೆ, ಅಂದರೆ ಜಪಾನಿನ ಸರ್ಕಾರಿ ಉದ್ಯೋಗ ಕಚೇರಿಗೆ. ಕೌಂಟರಿನ ಮುಂದೆ ನಿಂತು ಅಡುಗೆಯವನೋ ಸಂಗೀತಗಾರನೋ ಆಗಿ ಹೊರಬರುತ್ತೀರಿ. ಮತ್ತೆ ಬದುಕು ಕಟ್ಟಿಕೊಳ್ಳಬೇಕಾದ ನಡುವಯಸ್ಕರಿಗೆ ಅದಕ್ಕಿಂತ ಪವಿತ್ರ ಜಾಗ ಯಾವುದಿದೆ? ಆ ಕೌಂಟರಿನ ಮುಂದೆ ನೀವು ಯಾರಿಗೆ ಯಾವ ಕೆಲಸ ಕೊಡಿಸಿದಿರಿ, ಯಾಕೆ, ಬರೆಯಿರಿ.

‘ಯಕುಜಾಗಳ ವೈಭವದ ಲೋಕ’ ಎಂದಿದ್ದೀರಿ. ಹೊಡೆದುಹಾಕಿ. ಜಪಾನಿನಲ್ಲಿ ಸಂಘಟಿತ ಅಪರಾಧದ ವಿರುದ್ಧದ ಕಾನೂನು 1992ರಲ್ಲಿ ಜಾರಿಗೆ ಬಂತು. 2011ರ ಹೊತ್ತಿಗೆ ಎಲ್ಲ ಪ್ರಾಂತ್ಯಗಳಲ್ಲೂ ಯಕುಜಾಗಳೊಂದಿಗೆ ವ್ಯವಹರಿಸುವುದನ್ನೇ ತಡೆಯುವ ನಿಯಮಗಳು ಬಂದವು. ಬ್ಯಾಂಕ್ ಖಾತೆ ತೆರೆಯುವುದೂ ಬಾಡಿಗೆ ಮನೆ ಹಿಡಿಯುವುದೂ ಅವರಿಗೆ ಕಷ್ಟವಾಯಿತು. ಆಟ ಹೇಳುವುದು ಆ ಲೋಕ ಕುಸಿಯುತ್ತಿರುವ ಕಾಲದ ಕಥೆಯನ್ನು. ಯೊಕೊಹಾಮಾದ ಇಸೆಝಾಕಿಚೊ ಬಡಾವಣೆಯನ್ನು ಹೋಲುವ ಇಜಿಂಚೊ ಎಂಬ ಕಲ್ಪಿತ ಬಡಾವಣೆಯಲ್ಲಿ ಕಾನೂನಿನ ಅಂಚಿನಲ್ಲಿ ಬದುಕುವವರೇ ಅದರ ಜನ.

ಒಂದು ಸಂಗತಿ ನಿಮ್ಮ ಲೇಖನದಲ್ಲಿ ಇಲ್ಲವೇ ಇಲ್ಲ. ಸರದಿಯ ಕಾಳಗವನ್ನು ತಯಾರಕರು ಮೊದಲು ತೋರಿಸಿದ್ದು 2019ರ ಏಪ್ರಿಲ್ 1ರಂದು, ಮೂರ್ಖರ ದಿನದ ತಮಾಷೆಯ ವಿಡಿಯೊ ಆಗಿ. ಅದೇ ವರ್ಷ ಆಗಸ್ಟಿನಲ್ಲಿ ಅದನ್ನೇ ನಿಜವೆಂದು ಘೋಷಿಸಿದರು. ಸೇರಿಸಿಕೊಳ್ಳಿ.

‘ಕೊರತೆ ಎಂಬುದೇ ಇಲ್ಲ’ ಎಂದು ಲೇಖನದಲ್ಲಿದೆ. ಆದರೆ ಜೊತೆಗಿಟ್ಟ ಪತ್ರದಲ್ಲಿ, ಹನ್ನೆರಡನೇ ಅಧ್ಯಾಯದ ಜೋಡಿ ಎದುರಾಳಿಗಳ ಮುಂದೆ ಮೂರು ರಾತ್ರಿ ಸೋತು ಕುಳಿತದ್ದನ್ನು ನೀವೇ ಬರೆದಿದ್ದೀರಿ. ಅದನ್ನು ಲೇಖನದಿಂದ ಯಾಕೆ ಮುಚ್ಚಿಟ್ಟಿರಿ? ನನ್ನ ತಂಡವೂ ಅಲ್ಲಿ ನೆಲಕಚ್ಚಿತ್ತು. ಅಲ್ಲಿಯವರೆಗೆ ಸಲೀಸಾಗಿ ಸಾಗುವ ಆಟ ಒಮ್ಮೆಲೇ ಗೋಡೆಯಾಗುತ್ತದೆ, ವಾಪಸು ಹೋಗಿ ಮಟ್ಟ ಏರಿಸಿಕೊಂಡು ಬರಬೇಕಾಗುತ್ತದೆ. ಇನ್ನೂ ಒಂದು ತೊಡಕಿದೆ: ನಮ್ಮವರು ಎಲ್ಲಿ ನಿಲ್ಲಬೇಕೆಂಬುದು ನಮ್ಮ ಕೈಯಲ್ಲಿಲ್ಲ. ನಾಲ್ವರು ಎದುರಾಳಿಗಳ ಮೇಲೆ ಒಟ್ಟಿಗೆ ಬೀಳಬೇಕಾದ ಹೊಡೆತ, ಅವರು ಅಷ್ಟರಲ್ಲಿ ಚದುರಿ ಹೋಗಿ, ಒಬ್ಬನಿಗೆ ತಾಗಿ ಮುಗಿಯುತ್ತದೆ. 2024ರಲ್ಲಿ ಬಂದ ಮುಂದಿನ ಭಾಗದಲ್ಲಿ ಇದನ್ನು ತಿದ್ದಿದರು. ಈ ಸಿಟ್ಟನ್ನೂ ಬರೆಯಿರಿ. ಸಿಟ್ಟು ಬಂದ ಮೇಲೂ ನಾಲ್ಕನೇ ರಾತ್ರಿ ಮತ್ತೆ ಕುಳಿತಿರಲ್ಲ, ನಿಮ್ಮ ಪ್ರೀತಿಗೆ ಅದೇ ಸಾಕ್ಷಿ.

ಭಾಷೆಯ ಬಗ್ಗೆ ಒಂದೇ ಮಾತು. ‘ಪಾತ್ರನಿರ್ವಹಣಾ ದೃಶ್ಯಕ್ರೀಡೆ’ ಬೇಡ. ರೋಲ್ ಪ್ಲೇಯಿಂಗ್ ಗೇಮ್ ಎಂದೇ ಬರೆಯಿರಿ, ಆಡುವವರೆಲ್ಲ ಹಾಗೆಯೇ ಕರೆಯುತ್ತಾರೆ. ಕಥೆಯ ಕೊನೆಯ ಎರಡು ಅಧ್ಯಾಯಗಳನ್ನು ಮಾತ್ರ ದಯವಿಟ್ಟು ಬಯಲು ಮಾಡಬೇಡಿ.

ಪಾರಿವಾಳಗಳಿಂದ ಶುರುಮಾಡಿ, ಮೊದಲ ಐದು ಪುಟಗಳನ್ನು ಒಂದಕ್ಕೆ ಇಳಿಸಿ ಕಳುಹಿಸಿ. ಬಂದ ದಿನವೇ ಓದುತ್ತೇನೆ.

ವಿಶ್ವಾಸದಿಂದ,
ಸಂಪಾದಕ