ಮುರಿದ ದವಡೆ ಹಲ್ಲನ್ನು ಕೀಳಿಸಿ ಇಂಪ್ಲಾಂಟ್ ಹಾಕಿಸಬೇಕಾ, ಉಳಿಸಿಕೊಳ್ಳಬಹುದಾ?

ಹಲ್ಲು ಮುರಿದ ಕೂಡಲೇ ಕೀಳಿಸೋಕೆ ಹೊರಡಬೇಡಿ. ಮೊದಲು ಎಕ್ಸ್‌ರೇ ತೆಗೆಸಿ. ಬೇರು ಚೆನ್ನಾಗಿದ್ದು, ಒಸಡಿನ ಮೇಲೆ ಸುತ್ತಲೂ ಸುಮಾರು 2 ಮಿಲಿಮೀಟರ್ ಗಟ್ಟಿ ಹಲ್ಲು ಉಳಿದಿದ್ದರೆ, ರೂಟ್ ಕೆನಾಲ್ (ಹಲ್ಲಿನೊಳಗಿನ ನರ ತೆಗೆದು ಆ ಜಾಗ ತುಂಬುವುದು) ಮಾಡಿ, ಮೇಲೆ ಕ್ಯಾಪ್ ಹಾಕಿ ಉಳಿಸಿಕೊಳ್ಳುವುದು ಹೆಚ್ಚಿನ ಸಲ ಸಾಧ್ಯ.

ನನಗೂ ಹೀಗೇ ಆಗಿತ್ತು. ಗಾಂಧಿ ಬಜಾರಿನಲ್ಲಿ ತಂದ ನಿಪ್ಪಟ್ಟು ಕಡಿದಾಗ ಕಟ್ ಅಂತ ಸದ್ದಾಯಿತು, ಕಡಲೆಬೀಜ ಇರಬೇಕು ಅಂದುಕೊಂಡು ನಾಲಿಗೆಯಲ್ಲಿ ತಡಕಿದರೆ ಹಳೇ ಫಿಲ್ಲಿಂಗ್ ಪಕ್ಕದ ಮೂಲೆಯೇ ಕಿತ್ತು ಬಂದಿತ್ತು! ಮೊದಲು ಹೋದ ಕ್ಲಿನಿಕ್‌ನಲ್ಲಿ ಎಕ್ಸ್‌ರೇ ಕೂಡ ಸರಿಯಾಗಿ ನೋಡದೆ "ಕಿತ್ತು ಇಂಪ್ಲಾಂಟ್ ಹಾಕೋಣ ಸರ್" ಅಂದರು. ಇನ್ನೊಬ್ಬ ಡಾಕ್ಟರ್ ಮೂರೇ ಸಿಟ್ಟಿಂಗ್‌ನಲ್ಲಿ ಉಳಿಸಿಕೊಟ್ಟರು.

ಸ್ವಂತ ಹಲ್ಲಿನ ಬೇರಿಗೂ ಮೂಳೆಗೂ ನಡುವೆ ತೆಳುವಾದ ನಾರಿನ ಪದರ ಇರುತ್ತದೆ. ಅನ್ನದಲ್ಲಿ ಕಲ್ಲು ಸಿಕ್ಕ ಕ್ಷಣಕ್ಕೇ ದವಡೆ ತಾನಾಗಿ ನಿಲ್ಲುತ್ತದೆ ಅಲ್ವಾ, ಆ ಸುಳಿವು ಕೊಡುವುದರಲ್ಲಿ ಈ ಪದರದ ಪಾಲು ದೊಡ್ಡದು. ಇಂಪ್ಲಾಂಟ್ ಅಂದರೆ ಮೂಳೆಗೇ ನೇರವಾಗಿ ಬೆಸೆದುಕೊಳ್ಳುವ ಸ್ಕ್ರೂ, ಅದಕ್ಕೆ ಆ ಪದರ ಇಲ್ಲ. ಕಿತ್ತ ಜಾಗದಲ್ಲಿ ಮೂಳೆಯೂ ಸವೆಯುತ್ತದೆ.

ಬೇರು ಉದ್ದಕ್ಕೆ ಸೀಳಿದ್ದರೆ ಸುಮ್ನೆ ಹಠ ಬೇಡ, ಕೀಳಿಸಿ. ರೂಟ್ ಕೆನಾಲ್ ಆದಮೇಲೆ ನೋವಿಲ್ಲ ಅಂತ ಕ್ಯಾಪ್ ಮುಂದೂಡುವವರಿದ್ದಾರೆ, ಆಮೇಲೆ ಹಲ್ಲು ಸೀಳಿಕೊಂಡು ಬರುತ್ತಾರೆ. ಖರ್ಚಿನ ಚಿಂತೆ ಇದ್ದರೆ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಆವರಣದ ಸರ್ಕಾರಿ ದಂತ ಕಾಲೇಜಿಗೆ ಹೋಗಿ. ಬೆಳಗ್ಗೆ ಬೇಗ ಹೋದರೆ ಒಳ್ಳೆಯದು.